ಎಲ್ಫಿನ್‌ಸ್ಟನ್ ಎಂಬ ಅಡ್ಡಹೆಸರು, ಧಾರವಾಡದ ಹೆಸರಿಲ್ಲದ ಹುಡುಗ



ಖಾಸಬಾಗದ ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಮಾತಾಡಿದರು. ಮಿಲ್ಟ್ರಿಯಲ್ಲಿ ದುಡಿದು ಪೆನ್ಶನ್ ತಗೊಂಡು ಬಂದವರು, ಓಣಿಯವರೆಲ್ಲ ಕಾಕಾ ಅಂತಲೇ ಕರೆಯುವುದು. "ನೋಡ್ರಪಾ, ಇಂಗ್ರೇಜಿ ಸಾಹೇಬ್ರು ಬರಲಿಲ್ಲಂದ್ರ ನಮ್ಮ ಹುಡುಗರ ಕೈಯಾಗ ಪಾಟಿ ಬರತಿರಲಿಲ್ಲ. ಎಲ್ಫಿನ್‌ಸ್ಟನ್ ಸಾಹೇಬ್ರ ಹೆಸರಿನ ಸಾಲ್ಯಾಗ ಬಾಬಾಸಾಹೇಬ್ರು ಕಲತಾರ. ಆ ಸಾಹೇಬ್ರದೂ ಒಂದು ಫೋಟೋ ಇಲ್ಲೆ ಹಚ್ಚಬೇಕು" ಅಂದರು. ಕೆಲವರು ಚಪ್ಪಾಳೆ ತಟ್ಟಿದರು.

ಕಾಕಾ ಕೂತ ಮೇಲೆ ಕಾಲೇಜಿಗೆ ಹೋಗುವ ಒಬ್ಬ ತಮ್ಮ ಎದ್ದ. "ಅದೆಲ್ಲಾ ಸುಳ್ಳ್ರೀ ಕಾಕಾ. ಜಾತಿ ಹುಟ್ಟಿಸಿದವ್ರೇ ಬ್ರಿಟಿಷರು. ಜನಗಣತಿ ಮಾಡಿ, ಕಾಲಂ ಹಾಕಿ, ನಮ್ಮನ್ನ ಒಡದ್ರು. ಅದಕ್ಕೂ ಮೊದಲ ಎಲ್ಲಾರೂ ಕೂಡಿ ಇದ್ವಿ" ಅಂದ. ಮಾತು ಆ ಹುಡುಗನದಲ್ಲ, ಅವನಿಗೆ ಪಾಠ ಹೇಳುವ ಯಾರೋ ಪಂಡಿತರದು ಅಂತ ಕೂಡಲೇ ತಿಳಿಯಿತು. ಅದಕ್ಕೂ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಎರಡು ಮಾತಿಗೂ ಚಪ್ಪಾಳೆ ಬಿದ್ದದ್ದು ನೋಡಿ ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಒಬ್ಬರು ಸಾಹೇಬನ ಕಾಲು ಹಿಡಿಯಿರಿ ಅನ್ನುತ್ತಾರೆ. ಇನ್ನೊಬ್ಬರು ಸಾಹೇಬನ ಮೇಲೆ ಎಲ್ಲಾ ಪಾಪ ಹೊರಿಸಿ ಪೇಶ್ವೆಯನ್ನು ಗಂಗೆಯಲ್ಲಿ ಮೀಯಿಸಿ ತರುತ್ತಾರೆ. ಇಬ್ಬರಿಗೂ ಉತ್ತರ ಆ ಒಂದೇ ಅಡ್ಡಹೆಸರಿನ ಒಳಗೇ ಇದೆ. ಅದನ್ನು ಬಿಚ್ಚಿ ನೋಡೋಣ.

ಎಲ್ಫಿನ್‌ಸ್ಟನ್ ಅಂದರೇನು? ಸ್ಕಾಟ್ಲೆಂಡಿನಲ್ಲಿ, ಈಸ್ಟ್ ಲೋಥಿಯನ್ ಎಂಬ ಸೀಮೆಯಲ್ಲಿ ಇರುವ ಒಂದು ಸಣ್ಣ ಹಳ್ಳಿ. ಆ ಊರ ಹೆಸರೇ ಆ ಮನೆತನದ ಅಡ್ಡಹೆಸರಾಯಿತು. ನಮ್ಮ ಕಡೆ ಬೆಳಗಾವಕರ, ನಿಪ್ಪಾಣಿಕರ ಅಂತ ಇರುವ ಹಾಗೆಯೇ. ಊರು ಹೋಗಿ ಹೆಸರಾಗುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಆದರೆ 1510ರ ಹೊತ್ತಿಗೆ ಆ ಮನೆಯವನಿಗೆ ಅಲ್ಲಿಯ ರಾಜ ಲಾರ್ಡ್ ಪದವಿ ಕೊಟ್ಟ. ಮೂರು ವರ್ಷಕ್ಕೆ, 1513ರಲ್ಲಿ, ಆ ಮೊದಲ ಲಾರ್ಡ್ ಫ್ಲಾಡನ್ ಎಂಬಲ್ಲಿ ಯುದ್ಧದಲ್ಲಿ ಸತ್ತ. ಪದವಿ ಮಾತ್ರ ಸಾಯಲಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಇಲ್ಲವೆ ತಮ್ಮನಿಗೆ, ತಮ್ಮನ ಮಗನಿಗೆ ಇಳಿಯುತ್ತಾ ಬಂತು. ಇದಕ್ಕೆ ನಮ್ಮ ಭಾಷೆಯಲ್ಲಿ ಏನಂತಾರೆ? ವತನ ಅಂತಾರೆ.

ಆ ಮನೆಯ ವತನದ ವಿಸ್ತಾರ ನೋಡಿರಿ. ಹತ್ತನೆಯ ಲಾರ್ಡನ ಒಬ್ಬ ಮಗ ವಿಲಿಯಂ ಫುಲ್ಲರ್ಟನ್ ಎಲ್ಫಿನ್‌ಸ್ಟನ್, ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರ್, ಮುಂದೆ ಅದರ ಚೇರ್ಮನ್ನನೂ ಆದವನು. ಇನ್ನೊಬ್ಬ ಮಗ ಜಾರ್ಜ್ ಕೀತ್, ಹಡಗಿನ ದಂಡಿನ ಅಧಿಪತಿ. 1795ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಹಿಡಿದವನು. ಇವರ ಅಣ್ಣನ ಮಗ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. 1796ರಲ್ಲಿ, ಹದಿನಾರು ವಯಸ್ಸಿನ ಹುಡುಗ, ಕಲಕತ್ತೆಗೆ ಬಂದು ಕಂಪನಿಯ ನೌಕರಿಗೆ ಸೇರಿದ. ನೌಕರಿ ಕೊಡಿಸುವುದಕ್ಕೆ ಕಾಕಾ ಡೈರೆಕ್ಟರ್ ಇದ್ದ. ನಮ್ಮ ಹುಡುಗರು ರಿಸರ್ವೇಶನ್ನಿನಲ್ಲಿ ಒಂದು ಜವಾನನ ಕೆಲಸ ಹಿಡಿದರೆ ಮೆರಿಟ್ ಮೆರಿಟ್ ಅಂತ ಬಾಯಿ ಬಡಿದುಕೊಳ್ಳುವವರು ಈ ಹದಿನಾರರ ಹುಡುಗನ ಮೆರಿಟ್ಟು ಎಷ್ಟು ಅಂತ ಎಂದಾದರೂ ಕೇಳಿದ್ದಾರೆಯೇ?

ನಮಗೂ ವತನ ಇತ್ತು. ಸತ್ತ ದನ ಎಳೆಯುವ ವತನ. ಸರಕಾರದ ಕಾಗದ ಹೊತ್ತು ರಾತ್ರಿಹಗಲು ಓಡುವ ವತನ. ಊರ ಸಾವಿನ ಸುದ್ದಿ ಮುಟ್ಟಿಸುವ ವತನ. ಅದೂ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು, ಬ್ಯಾಡ ಅಂದರೂ ಬಿಡುತ್ತಿರಲಿಲ್ಲ. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಕೌನ್ಸಿಲ್ಲಿನಲ್ಲಿ ಇದರ ವಿರುದ್ಧ ಬಿಲ್ಲು ತಂದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಆದದ್ದು 1961ರಲ್ಲಿ. ಎಲ್ಫಿನ್‌ಸ್ಟನ್ ಮನೆಯ ಲಾರ್ಡ್ ಪದವಿಯನ್ನು ರದ್ದು ಮಾಡಿದವರು ಯಾರೂ ಇಲ್ಲ, ಅದು ಇವತ್ತಿಗೂ ನಡೆದಿದೆ.

ಇರಲಿ. ಮೌಂಟ್‌ಸ್ಟುವರ್ಟನಿಗೆ ಬರೋಣ. ಇವನು ಪುಣೆಯಲ್ಲಿ ಪೇಶ್ವೆಯ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧ ಆಯಿತು. 1818ರ ಜನವರಿ 1ರಂದು ಭೀಮಾ ನದಿಯ ದಂಡೆಯ ಕೋರೆಗಾಂವದಲ್ಲಿ ಏನಾಯಿತು ಅಂತ ಈ ಹಾಳೆ ಓದುವವರಿಗೆ ನಾವು ಹೇಳಬೇಕಾಗಿಲ್ಲ. ಕಂಪನಿಯ ಪಲ್ಟನ್ನಿನಲ್ಲಿ ನಿಂತು ಪೇಶ್ವೆಯ ದಂಡನ್ನು ತಡೆದವರಲ್ಲಿ ನಮ್ಮ ಮಹಾರ ಸಿಪಾಯಿಗಳಿದ್ದರು. 1821ರಲ್ಲಿ ಅಲ್ಲಿ ಕಲ್ಲಿನ ಕಂಬಕ್ಕೆ ಅಡಿಗಲ್ಲು ಬಿತ್ತು. ಆ ಕಂಬದ ಮೇಲೆ 'ನಾಕ' ಎಂದು ಮುಗಿಯುವ ಹೆಸರುಗಳಿವೆ. ಅವು ನಮ್ಮವರ ಹೆಸರು. ಅಡ್ಡಹೆಸರಿಲ್ಲ, ಲಾರ್ಡ್ ಇಲ್ಲ, ರಾವ್ ಇಲ್ಲ, ನಾಕ ಅಷ್ಟೇ.

ಅದೇ 1818ರಲ್ಲಿ ಬೆಳಗಾವಿ ಕಿಲ್ಲೆಯೂ ಕಂಪನಿಯ ಕೈಗೆ ಬಂತು. 1819ರಲ್ಲಿ ಈ ಮೌಂಟ್‌ಸ್ಟುವರ್ಟ್ ಮುಂಬಯಿಯ ಗವರ್ನರ್ ಆದ. 1827ರವರೆಗೆ ಆಳಿದ. 1824ರಲ್ಲಿ ಕಿತ್ತೂರಿನ ಯುದ್ಧ ಆದಾಗಲೂ ಮುಂಬಯಿಯಲ್ಲಿ ಕುಂತಿದ್ದ ಗವರ್ನರ್ ಇವನೇ. (ಕಿತ್ತೂರಿನಲ್ಲಿ ಆ ವರ್ಷ ಅಕ್ಟೋಬರ್ 23ರಂದು ಸತ್ತ ಕಲೆಕ್ಟರನ ಅಡ್ಡಹೆಸರು ಥ್ಯಾಕರೆ. ಅವನ ಅಣ್ಣನ ಮಗ ಇಂಗ್ಲೀಷಿನ ದೊಡ್ಡ ಕಾದಂಬರಿಕಾರನಾದ. ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಮುಂಬಯಿಯ ಕೇಶವ ಸೀತಾರಾಮರು ತಮ್ಮ ಹೆಸರನ್ನು ಇಂಗ್ಲೀಷಿನಲ್ಲಿ ಅದೇ ಥರ ಬರೆದುಕೊಂಡರು. ಅವರ ಮಗ 1966ರಲ್ಲಿ ಶಿವಸೇನೆ ಕಟ್ಟಿ ಬೆಳಗಾವಿ ನಮ್ಮದು ಅಂದರು. ಕಿತ್ತೂರಿನಲ್ಲಿ ಬಿದ್ದ ಅಡ್ಡಹೆಸರು ಹೀಗೆ ಸುತ್ತು ಹಾಕಿ ಮತ್ತೆ ನಮ್ಮ ಬಾಗಿಲಿಗೇ ಬಂತು. ಅದು ಬೇರೆ ಕಥೆ, ಇನ್ನೊಮ್ಮೆ.)

ಈ ಗವರ್ನರ್ ಶಿಕ್ಷಣಕ್ಕೆ ಏನು ಮಾಡಿದ? ಪೇಶ್ವೆಗಳು ಬ್ರಾಹ್ಮಣರಿಗೆ ವರ್ಷವರ್ಷ ದಕ್ಷಿಣೆ ಹಂಚುತ್ತಿದ್ದರು. ಪೇಶ್ವೆ ಹೋದರೂ ದಕ್ಷಿಣೆ ಹೋಗಲಿಲ್ಲ. ಅದರ ಹಣದಲ್ಲಿ 1821ರಲ್ಲಿ ಪುಣೆಯಲ್ಲಿ ಸಂಸ್ಕೃತ ಪಾಠಶಾಲೆ ತೆರೆಯಿತು. ಕಲಿಯುವವರು ಯಾರು? ಬ್ರಾಹ್ಮಣರ ಮಕ್ಕಳು. ಕೋರೆಗಾಂವದ ಕಂಬಕ್ಕೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ ಎಂಬುದನ್ನು ನೆನಪಿಡಿ. ಗೆದ್ದುಕೊಟ್ಟವನಿಗೆ ಕಲ್ಲು, ಸೋತವನಿಗೆ ಕಾಲೇಜು!

ಇನ್ನೂ ಮುಂದೆ ಕೇಳಿರಿ. 1823ರ ಡಿಸೆಂಬರಿನಲ್ಲಿ ಇವನು ಶಿಕ್ಷಣದ ಬಗ್ಗೆ ಒಂದು ದೊಡ್ಡ ಟಿಪ್ಪಣಿ ಬರೆದ. ಅದರಲ್ಲಿ ನಮ್ಮ ಬಗ್ಗೆ ಹೇಳಿದ್ದರ ಅರ್ಥ ಇಷ್ಟು: ಪಾದ್ರಿಗಳ ಅನುಭವದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಯುವವರು ಅತ್ಯಂತ ಕೆಳಜಾತಿಯ ಮಕ್ಕಳೇ. ಆದರೆ ಅವರಿಗೆ ವಿಶೇಷ ಪ್ರೋತ್ಸಾಹ ಕೊಡುವಾಗ ಹುಷಾರಾಗಿರಬೇಕು. ಅವರು ಎಲ್ಲರ ತಿರಸ್ಕಾರಕ್ಕೆ ಗುರಿಯಾದವರು, ಸಂಖ್ಯೆಯಲ್ಲೂ ಕಡಿಮೆ. ವಿದ್ಯೆ ಮೊದಲು ಅವರಲ್ಲಿ ಬೇರು ಬಿಟ್ಟರೆ ಉಳಿದವರಿಗೆ ಹಬ್ಬುವುದೇ ಇಲ್ಲ. ಮೇಲ್ಜಾತಿಗಳು ದ್ವೇಷಿಸುವ ಒಂದು ಹೊಸ ವರ್ಗದ ತಲೆಯ ಮೇಲೆ ನಾವು ಕೂತಂತಾಗುತ್ತದೆ. ಬರೇ ದಂಡಿನ ಬಲದ ಮೇಲೆ ಆಳುವುದಾದರೆ ಅದು ನಡೆದೀತು, ನಮ್ಮ ರಾಜ್ಯದ ಬುನಾದಿ ಅಗಲವಾಗಬೇಕಾದರೆ ನಡೆಯುವುದಿಲ್ಲ.

ಇದನ್ನು ಎರಡು ಸಲ ಓದಿರಿ ಬಂಧುಗಳೇ. ಈ ಮನುಷ್ಯನಿಗೆ ನಮ್ಮ ಮಕ್ಕಳು ದಡ್ಡರು ಅನ್ನುವ ಭ್ರಮೆ ಇರಲಿಲ್ಲ. ಜಾಣರು ಅಂತ ಗೊತ್ತಿತ್ತು. ಜಾಣರು ಅಂತ ಗೊತ್ತಿದ್ದೂ ಬಾಗಿಲು ಮುಚ್ಚಿದ. ನಮ್ಮನ್ನು ಗುಂಡಿಗೆ ಎದೆಯೊಡ್ಡಿಸಲು ಐದು ವರ್ಷದ ಹಿಂದೆ ಯಾವ ಹುಷಾರೂ ಬೇಕಾಗಿರಲಿಲ್ಲ, ಅಕ್ಷರ ಕೊಡುವಾಗ ಹುಷಾರು ಬೇಕಾಯಿತು. 1827ರಲ್ಲಿ ಇವನ ಕಾಲದ ಕಾನೂನು ಸಂಹಿತೆ ಬಂತು. ಅದರಲ್ಲಿ ಜಾತಿಯ ಪ್ರಶ್ನೆಗಳಲ್ಲಿ ದಿವಾಣಿ ಕೋರ್ಟು ಕೈ ಹಾಕಕೂಡದು ಅಂತ ಕಲಂ ಹಾಕಿದರು. ಜಾತಿಯನ್ನು ಹುಟ್ಟಿಸಲಿಲ್ಲ, ಇದ್ದ ಜಾತಿಗೆ ಪಹರೆ ನಿಲ್ಲಿಸಿದರು. ಆ ವರ್ಷ ಅವನು ಗಾದಿ ಬಿಟ್ಟು ಹೊರಟಾಗ ಮುಂಬಯಿಯ ಶ್ರೀಮಂತರು ಎರಡು ಲಕ್ಷಕ್ಕೂ ಮಿಕ್ಕಿ ವಂತಿಗೆ ಎತ್ತಿದರು. ಆ ಹಣದಿಂದ ಅವನ ಅಡ್ಡಹೆಸರಿನ ವಿದ್ಯಾಸಂಸ್ಥೆ ಎದ್ದಿತು. ಕಾಕಾ ಹೇಳಿದ ಸಾಲಿಯ ಮೂಲ ಇದು. ಸಾಹೇಬ ತನ್ನ ಕಿಸೆಯಿಂದ ಕಟ್ಟಿದ್ದಲ್ಲ.

ಆ ಮನೆಯ ಮೂರನೆಯವನ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ವಿಲಿಯಂ ಜಾರ್ಜ್ ಕೀತ್ ಎಲ್ಫಿನ್‌ಸ್ಟನ್, ಡೈರೆಕ್ಟರ್ ಕಾಕಾನ ಸ್ವಂತ ಮಗ. ರೋಗಿಷ್ಟ, ಮುದುಕ, ಆದರೂ ಅಡ್ಡಹೆಸರು ದೊಡ್ಡದು, ಕಾಬೂಲಿನಲ್ಲಿ ಸೇನಾಪತಿಯಾದ. 1842ರ ಜನವರಿಯಲ್ಲಿ ಚಳಿಯಲ್ಲಿ, ಹಿಮದಲ್ಲಿ ಪಲ್ಟನ್ ಹಿಂದೆಗೆಸಿದ. ಸಿಪಾಯಿಗಳು ಸುಮಾರು 4,500. ಅವರ ಬೆನ್ನಿಗೆ ಅಡಿಗೆಯವರು, ಕುದುರೆ ನೋಡುವವರು, ಹೊರೆಯಾಳುಗಳು, ಅವರ ಹೆಂಡರು ಮಕ್ಕಳು ಸೇರಿ ಸುಮಾರು 12,000. ಬಹುತೇಕ ಎಲ್ಲರೂ ದಾರಿಯಲ್ಲಿ ಸತ್ತರು. ಕುದುರೆಯ ಮೇಲೆ ಜಲಾಲಾಬಾದ್ ಮುಟ್ಟಿದ ಒಬ್ಬ ಬಿಳಿ ಡಾಕ್ಟರನ ಹೆಸರು ಎಲ್ಲ ಪುಸ್ತಕದಲ್ಲಿದೆ. ಆ 12,000ದ ಹೆಸರು ಎಲ್ಲಿದೆ?

ಈಗ ನಾಲ್ಕನೆಯವನು. ನಮಗೆ ಮುಖ್ಯ ಇವನು. ಜಾನ್, ಹದಿಮೂರನೆಯ ಲಾರ್ಡ್ ಎಲ್ಫಿನ್‌ಸ್ಟನ್, ಮೌಂಟ್‌ಸ್ಟುವರ್ಟನ ಅಣ್ಣನ ಮಗ. ಮೂವತ್ತನೇ ವಯಸ್ಸಿಗೆ, 1837ರಲ್ಲಿ, ಮದರಾಸಿನ ಗವರ್ನರ್. ಆಮೇಲೆ 1853ರಿಂದ 1860ರವರೆಗೆ ಮುಂಬಯಿಯ ಗವರ್ನರ್. ಕಾಕಾ ಕುಂತ ಕುರ್ಚಿಯಲ್ಲೇ ಅಣ್ಣನ ಮಗ ಕುಂತ.

1856ರ ಜೂನ್ ತಿಂಗಳು. ಧಾರವಾಡ. ಒಬ್ಬ ಮಹಾರ ಹುಡುಗ ಸರಕಾರಿ ಸಾಲಿಯಲ್ಲಿ ಹೆಸರು ಹಚ್ಚಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಅಳುತ್ತಾ ಮನೆಗೆ ಬಂದು ಕೂಡಲಿಲ್ಲ. ಮುಂಬಯಿ ಸರಕಾರಕ್ಕೇ ಅರ್ಜಿ ಹಾಕಿದ. ಆ ಕಾಲದ ಧಾರವಾಡವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ವಕೀಲರಿಲ್ಲ, ಸಂಘವಿಲ್ಲ, ಸಂವಿಧಾನವಿಲ್ಲ. ಬಾಬಾಸಾಹೇಬರು ಹುಟ್ಟಲು ಇನ್ನೂ 35 ವರ್ಷ ಇದೆ. ಅಂಥಾದರಲ್ಲಿ ಅರ್ಜಿ ಹಾಕುವ ಎದೆಗಾರಿಕೆ ಒಬ್ಬ ಹುಡುಗನಿಗೆ!

1856ರ ಜುಲೈ 21ರಂದು ಲಾರ್ಡ್ ಎಲ್ಫಿನ್‌ಸ್ಟನ್ನನ ಸರಕಾರ ಠರಾವು ಮಾಡಿತು. ಅರ್ಜಿದಾರನ ಕಡೆ ನ್ಯಾಯ ಇದೆ ಎಂಬುದರಲ್ಲಿ ಸಂಶಯವಿಲ್ಲ ಅಂತ ಒಪ್ಪಿತು. ಆದರೆ ಒಬ್ಬನಿಗಾಗಿ, ಕೆಲವರಿಗಾಗಿ, ತಲೆತಲಾಂತರದ ನಂಬಿಕೆಗಳಲ್ಲಿ ಒಮ್ಮೆಲೇ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಎಂದಿತು. ಈ ತೊಂದರೆ ನಮ್ಮ ಸರಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ನಾವು ತಟ್ಟನೆ ಪರಿಹರಿಸಲಾರೆವು ಎಂದು ಕೈ ತೊಳೆದುಕೊಂಡಿತು.

ನ್ಯಾಯ ನಿನ್ನದೇ, ಆದರೆ ಸಾಲಿ ನಿನ್ನದಲ್ಲ. ಈ ಮಾತನ್ನು ನಾವು ಎಲ್ಲೆಲ್ಲಿ ಕೇಳಿಲ್ಲ? ತಹಶೀಲ್ದಾರ ಕಚೇರಿಯಲ್ಲಿ ಕೇಳಿದ್ದೇವೆ. ಗುಡಿಯ ಕಟ್ಟೆಯ ಪಂಚಾಯಿತಿಯಲ್ಲಿ ಕೇಳಿದ್ದೇವೆ. "ನಿಮ್ಮದು ಬರೋಬರಿ ಐತಿ, ಆದ್ರ ಊರಾಗ ಶಾಂತಿ ಕೆಡತೈತಿ." ಲಾರ್ಡನ ಇಂಗ್ಲೀಷೂ ಗೌಡನ ಕನ್ನಡವೂ ಒಂದೇ ಅರ್ಥ ಹೇಳುತ್ತವೆ.

ಕೆಲವರು ಸಮರ್ಥನೆ ಮಾಡಬಹುದು: ಆ ಕಾಲವೇ ಹಾಗಿತ್ತು, ಯಾರಿಂದಲೂ ಆಗುತ್ತಿರಲಿಲ್ಲ ಅಂತ. ಸುಳ್ಳು. ಅದಕ್ಕೂ ನಾಲ್ಕೈದು ವರ್ಷ ಮೊದಲೇ ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಮಹಾರ ಮಾಂಗರ ಮಕ್ಕಳಿಗೆ ಸಾಲಿ ನಡೆಸುತ್ತಿದ್ದರು. ಮೈಮೇಲೆ ಸೆಗಣಿ, ಕಲ್ಲು ಬಿದ್ದರೂ ನಡೆಸಿದರು. ಅವರ ಸಾಲಿಯ ಮುಕ್ತಾ ಸಾಳ್ವೆ ಎಂಬ ಮಾಂಗರ ಹುಡುಗಿ ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಲೇಖನ 1855ರಲ್ಲೇ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಾಳಿ ಜಾತಿಯ ಗಂಡಹೆಂಡತಿಗೆ ಸಾಧ್ಯವಾದದ್ದು ದಂಡು, ಖಜಾನೆ, ಕಾನೂನು ಎಲ್ಲ ಇದ್ದ ಲಾರ್ಡನಿಗೆ ಯಾಕೆ ಸಾಧ್ಯವಾಗಲಿಲ್ಲ? ಅವನಿಗೆ ಆಗಬೇಕಾಗಿರಲಿಲ್ಲ, ಅಷ್ಟೇ.

ಅವನ ಮೇಲಿನವರೂ ಒಪ್ಪಲಿಲ್ಲ. 1857ರ ಜನವರಿಯಲ್ಲಿ ಕಲಕತ್ತೆಯ ಸರಕಾರ, ಬಂಗಾಲದ ಯಾವ ಸರಕಾರಿ ಸಾಲಿಯಲ್ಲೂ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ಡೈರೆಕ್ಟರರು ಸರಕಾರಿ ಸಾಲಿಗಳು ಎಲ್ಲಾ ವರ್ಗಕ್ಕೂ ತೆರೆದಿರಬೇಕು ಎಂದರು. ಕಾಗದದ ಮೇಲೆ ಧಾರವಾಡದ ಹುಡುಗ ಗೆದ್ದ. ಬಾಗಿಲಲ್ಲಿ ಗೆಲ್ಲಲಿಲ್ಲ. ಮುಂದೆ ಎಷ್ಟೋ ವರ್ಷ ನಮ್ಮ ಮಕ್ಕಳು ಜಗಲಿಯ ಮೇಲೆ ಕೂತು ಕಿಡಕಿಯಿಂದ ಬಂದ ಅಕ್ಷರ ಹೆಕ್ಕಿದರು.

ಕಾಲೇಜಿನ ತಮ್ಮನಿಗೆ ಇಲ್ಲೇ ಒಂದು ಮಾತು. ಜನಗಣತಿ ಶುರುವಾದದ್ದು 1871-72ರಲ್ಲಿ. ಧಾರವಾಡದ ಹುಡುಗನನ್ನು ಹೊರಗೆ ನಿಲ್ಲಿಸಿದ್ದು ಅದಕ್ಕೂ ಹದಿನೈದು ವರ್ಷ ಮೊದಲು. ಪೇಶ್ವೆಯ ಪುಣೆಯಲ್ಲಿ ನಮ್ಮವರ ಕೊರಳಿಗೆ ಉಗುಳುವ ಗಡಿಗೆ, ಸೊಂಟಕ್ಕೆ ಹೆಜ್ಜೆ ಗುರುತು ಅಳಿಸುವ ಕಸಬರಿಗೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲಿ ಬರೆದಿದ್ದಾರೆ. ಆ ಗಡಿಗೆಯನ್ನು ಲಂಡನ್ನಿನಿಂದ ತಂದಿದ್ದರೇನು? ನಿಮ್ಮ ಪ್ರೊಫೆಸರರು ಖಾಸಬಾಗದ ಬಸವೇಶ್ವರ ಸರ್ಕಲ್ಲಿನ ಮುಂದೆ ಹಾಯ್ದು ಹೋಗುವಾಗ ಒಂದು ಗಳಿಗೆ ನಿಲ್ಲಲಿ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರು ಬೀಗರಾದದ್ದಕ್ಕೆ ಕಲ್ಯಾಣದಲ್ಲಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ನಮ್ಮ ಜನ ಹಾಡಿಕೊಂಡು ಬಂದಿದ್ದಾರಲ್ಲ, ಆಗ ಜನಗಣತಿ ಮಾಡಿದ ಬ್ರಿಟಿಷ ಯಾರು?

ಇನ್ನು ಕಾಕಾ ಅವರ ಮಾತು. ಬಾಬಾಸಾಹೇಬರು ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದಿ 1907ರಲ್ಲಿ ಮೆಟ್ರಿಕ್ ಪಾಸಾದದ್ದು ಖರೆ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತು ಬಿ.ಎ. ಮಾಡಿದ್ದೂ ಖರೆ. ಆದರೆ ಆ ಹೆಸರಿನ ಚಾವಣಿಯ ಕೆಳಗೆ ಏನಾಯಿತು? ಮಾಸ್ತರು ಇವರನ್ನು ಬೋರ್ಡಿಗೆ ಕರೆದಾಗ ಹುಡುಗರು ಧಡಬಡಿಸಿ ಎದ್ದು ಬೋರ್ಡಿನ ಹಿಂದೆ ಇಟ್ಟ ತಮ್ಮ ಬುತ್ತಿ ಡಬ್ಬಿ ಎತ್ತಿಕೊಂಡರು, ಮೈಲಿಗೆ ಆದೀತು ಅಂತ. ಸಂಸ್ಕೃತ ಕಲಿಯುತ್ತೇನೆ ಅಂದರೆ ಕಲಿಸಲಿಲ್ಲ, ಪಾರಸಿ ತಗೊಳ್ಳಬೇಕಾಯಿತು. ಅವರನ್ನು ಆ ಬಾಗಿಲಿನವರೆಗೆ ತಂದದ್ದು ಎಲ್ಫಿನ್‌ಸ್ಟನ್ ಅಲ್ಲ. ತಂದದ್ದು ಪಲ್ಟನ್ನಿನ ಸಾಲಿಯಲ್ಲಿ ಮಾಸ್ತರಿಕೆ ಮಾಡಿದ ಸುಭೇದಾರ ರಾಮಜಿ. ಕಾಲೇಜಿಗೆ ಕಳಿಸಿದ್ದು ಬಡೋದೆಯ ಸಯಾಜಿರಾವರ ಸ್ಕಾಲರ್‌ಶಿಪ್ಪು.

ಮತ್ತೆ ಬಾಬಾಸಾಹೇಬರು ಆ ಅಡ್ಡಹೆಸರಿನ ಋಣ ಹೇಗೆ ತೀರಿಸಿದರು ಗೊತ್ತೇ? 1928ರಲ್ಲಿ ಸೈಮನ್ ಕಮಿಶನ್ ಬಂದಾಗ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಶಿಕ್ಷಣದ ಮೇಲೆ ಹೇಳಿಕೆ ಕೊಟ್ಟರು. ಅದರಲ್ಲಿ ಮೌಂಟ್‌ಸ್ಟುವರ್ಟನ 1823ರ ಟಿಪ್ಪಣಿ, ಧಾರವಾಡದ ಹುಡುಗನ ಮೇಲಿನ 1856ರ ಠರಾವು ಎರಡನ್ನೂ ಹೊರಗೆಳೆದು ಬಿಳಿಯರ ಮುಖದ ಮುಂದೆಯೇ ಹಿಡಿದರು. ಆ ಕಾಲೇಜಿನಲ್ಲಿ ಕಲಿತ ಇಂಗ್ಲೀಷಿನಲ್ಲೇ ಹಿಡಿದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ನಿಂತು, ಇಂಗ್ರೇಜಿ ರಾಜ್ಯ ಬರುವ ಮೊದಲು ಬಾವಿ ಮುಟ್ಟುವಂತಿರಲಿಲ್ಲ, ಬಂದ ಮೇಲೆ ಮುಟ್ಟಲು ಬಿಟ್ಟಿರೇನು ಅಂತ ಅವರನ್ನೇ ಕೇಳಿದರು. ಬಾಬಾಸಾಹೇಬರು ಕೈಮುಗಿಯದ ಫೋಟೋಕ್ಕೆ ನಾವು ಮಾಲೆ ಹಾಕಬೇಕೇ ಕಾಕಾ?

ನಿಮ್ಮ ಪಲ್ಟನ್ನಿನ ಕಥೆಯೂ ಅದೇ. ಕೋರೆಗಾಂವದಲ್ಲಿ ಸತ್ತವರ ಮಕ್ಕಳು ಮರಿಮಕ್ಕಳಿಗೆ 1892ರ ಹೊತ್ತಿಗೆ ಭರ್ತಿ ಬಂದ್ ಮಾಡಿದರು, ನೀವು ಕಾದುವ ಜಾತಿಯಲ್ಲ ಅಂತ. ಬಾಬಾಸಾಹೇಬರೂ ನಮ್ಮ ಹಿರಿಯರೂ ಬಡಿದಾಡಿದ ಮೇಲೆ, ಮಹಾಯುದ್ಧದಲ್ಲಿ ಮಂದಿ ಬೇಕಾದಾಗ, 1941ರ ಅಕ್ಟೋಬರಿನಲ್ಲಿ ಮಹಾರ ರೆಜಿಮೆಂಟಿನ ಮೊದಲ ಬಟಾಲಿಯನ್ ಎದ್ದದ್ದು ಇದೇ ಬೆಳಗಾವಿಯಲ್ಲಿ. ಕೊಟ್ಟವರು ಯಾರೂ ಇಲ್ಲ, ಕಸಗೊಂಡದ್ದು.

ಮುಂಬಯಿಯಲ್ಲಿ ಲಾರ್ಡನ ಹೆಸರಿನ ರೈಲು ಸ್ಟೇಶನ್ ಇತ್ತು, ಎಲ್ಫಿನ್‌ಸ್ಟನ್ ರೋಡ್. 2017ರ ಸೆಪ್ಟೆಂಬರ್ 29ರಂದು ಅದರ ಇಕ್ಕಟ್ಟಾದ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಮಂದಿ ದುಡಿಯುವ ಜನ ಸತ್ತರು. 2018ರಲ್ಲಿ ಅದರ ಹೆಸರು ಪ್ರಭಾದೇವಿ ಆಯಿತು. ಲಾರ್ಡ್ ಹೋಗಿ ದೇವಿ ಬಂದಳು, ಧಾರವಾಡದ ಹುಡುಗ ಮಾತ್ರ ಯಾವ ಬೋರ್ಡಿನ ಮೇಲೂ ಬರಲಿಲ್ಲ. ಬರುವುದಾದರೂ ಹೇಗೆ? ಸರಕಾರದ ಠರಾವಿನಲ್ಲಿ ಅವನನ್ನು ಕರೆದದ್ದು ಮಹಾರ ಅರ್ಜಿದಾರ ಅಂತ. ಗವರ್ನರನಿಗೆ ಐನೂರು ವರ್ಷದ ಅಡ್ಡಹೆಸರು, ಹುಡುಗನಿಗೆ ಜಾತಿಯೇ ಹೆಸರು.

ಇದು 1856ಕ್ಕೆ ಮುಗಿದಿದ್ದರೆ ನಾವು ಈ ಸ್ಟೆನ್ಸಿಲ್ ಕೊರೆಯುತ್ತಿರಲಿಲ್ಲ. ನಮ್ಮೊಬ್ಬ ಗೆಳೆಯ ಮಗಳ ಹೆಸರು ಹಚ್ಚಲು ಈ ಊರಿನ ಒಂದು ಸಾಲಿಗೆ ಹೋದ. ಬರೆದುಕೊಳ್ಳುವವರು "ಅಡ್ಡಹೆಸರು?" ಅಂದರು. ಇವನು ತನ್ನ ಊರ ಹೆಸರು ಹೇಳಿದ. ಅವರು ಜಾತಿ ಸರ್ಟಿಫಿಕೇಟ್ ನೋಡಿ ತಮ್ಮಷ್ಟಕ್ಕೆ ತಾವೇ 'ಹರಿಜನ' ಅಂತ ಗೀಚಿದರು. "ಹಿಂದಿನಿಂದ ಹಂಗ ಬರಕೊಂಡು ಬಂದೇವಿ, ಅದಕ್ಯಾಕ ತಕರಾರು?" ಹಾಜರಿ ಕರೆಯುವಾಗ ದಿನಾ ಆ ಕೂಸು ಎದ್ದು ನಿಂತು ತನ್ನ ಜಾತಿಗೆ 'ಎಸ್ ಸರ್' ಅನ್ನಬೇಕು. ಊರ ಹೆಸರು ಸ್ಕಾಟ್ಲೆಂಡಿನವನಿಗೆ ಲಾರ್ಡ್ ಪದವಿಯ ಜೋಡಿ ಒಪ್ಪುತ್ತದೆ, ನಮ್ಮ ಕೂಸಿಗೆ ಒಪ್ಪುವುದಿಲ್ಲವೇ? ಭೀಮರಾವ್ ಎಂಬ ಹುಡುಗನ ಅಡ್ಡಹೆಸರೂ ಅಂಬಾಡವೆ ಎಂಬ ಊರಿನಿಂದ ಬಂದ ಅಂಬಾಡವೇಕರ ಆಗಿತ್ತು. ಸಾಲಿಯ ಪಟ್ಟಿಯಲ್ಲಿ ಅದು ಅಂಬೇಡ್ಕರ್ ಆಯಿತು ಎಂದು ಅವರ ಚರಿತ್ರೆಗಳು ಹೇಳುತ್ತವೆ. ಪಟ್ಟಿ ಬರೆಯುವ ಪೆನ್ನಿನಲ್ಲಿ ಎಷ್ಟು ಇದೆ ನೋಡಿರಿ.

ಆದ್ದರಿಂದ ಸಭೆಯ ಮುಂದೆ ನಮ್ಮ ಸೂಚನೆ ಹೀಗಿದೆ. ಎಲ್ಫಿನ್‌ಸ್ಟನ್ ಸಾಹೇಬನ ಫೋಟೋ ಬೇಡ. ಆ ಜಾಗದಲ್ಲಿ ಕಪ್ಪು ಹಲಗೆ ಹಚ್ಚಿ ಅದರ ಮೇಲೆ '1856, ಧಾರವಾಡ' ಅಂತ ಸುಣ್ಣದಲ್ಲಿ ಬರೆಯೋಣ. ಕಾಕಾ ಅವರೇ ತಮ್ಮ ಕೈಯಾರೆ ಬರೆಯಲಿ ಅಂತ ನಮ್ಮ ಆಸೆ. ಜುಲೈ 21ರಂದು ಧಾರವಾಡದ ಗೆಳೆಯರ ಜೋಡಿ ಕೂಡಿ, ಈ ಪ್ರಕರಣವನ್ನು ಸಾಲಿಯ ಪುಸ್ತಕದಲ್ಲಿ ಸೇರಿಸಬೇಕೆಂದು ಶಿಕ್ಷಣ ಇಲಾಖೆಗೆ ಅರ್ಜಿ ಕೊಡುವುದು. ಅರ್ಜಿಯ ಕೆಳಗೆ ಪ್ರತಿಯೊಬ್ಬರೂ ಪೂರ್ತಿ ಹೆಸರು ಬರೆಯಬೇಕು.

ಮುಂದಿನ ರವಿವಾರ ಸಂತೆ ಮುಗಿಸಿ ಖಾಸಬಾಗಕ್ಕೆ ಬರುವಾಗ ನಿಮ್ಮ ಮಕ್ಕಳ ಎಲ್.ಸಿ. ಮತ್ತು ಹೆಸರು ಹಚ್ಚಿದ ಚೀಟಿ ತಗೊಂಡು ಬನ್ನಿರಿ. ಯಾರ ಅಡ್ಡಹೆಸರಿನ ಜಾಗದಲ್ಲಿ ಜಾತಿ ಬರೆದಿದ್ದಾರೋ ಅವರ ತಿದ್ದುಪಡಿ ಅರ್ಜಿಯನ್ನು ಅಲ್ಲೇ ಕೂತು ಬರೆದುಕೊಡುತ್ತೇವೆ. ಅರ್ಜಿ ಹಾಳೆ ನಮ್ಮಲ್ಲಿದೆ, ಪೆನ್ನು ಮಾತ್ರ ನೀವೇ ತರಬೇಕು. ಖಾನಾಪುರದವರು ಸಾಯಂಕಾಲದ ಬಸ್ಸು ಹಿಡಿಯಬೇಕಾದ್ದರಿಂದ ಅವರದನ್ನು ಮೊದಲು ತಗೊಳ್ಳುತ್ತೇವೆ.

ಜೈ ಭೀಮ್.